ಕಾಫಿ, ಪಂದಿ ಕರಿ, ಕಾಚಂಪುಳಿ: ದಿನಕ್ಕೊಂದು ‘ಸಂಶೋಧನೆ’ಯನ್ನು ಎಷ್ಟು ನಂಬಬೇಕು?

ಓದುಗರ ಪ್ರಶ್ನೆ

ಡಾಕ್ಟರೇ, ನಮ್ಮದು ಗೋಣಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ನನಗೆ 54 ವರ್ಷ, ಯಜಮಾನರಿಗೆ 61. ಅವರಿಗೆ ಬಹಳ ವರ್ಷಗಳಿಂದ ಬಿಪಿ ಇದೆ, ಗುಳಿಗೆ ನಡೆಯುತ್ತಿದೆ. ಮನೆಯಲ್ಲಿ ಈಗ ಊಟಕ್ಕಿಂತ ಊಟದ ಬಗೆಗಿನ ಜಗಳವೇ ಹೆಚ್ಚು. ಕಾಫಿ ಕುಡಿದರೆ ಆಯುಸ್ಸು ಹೆಚ್ಚುತ್ತದೆ ಎಂದು ಒಂದು ವಾರ ಪತ್ರಿಕೆಯಲ್ಲಿ ಬರುತ್ತದೆ, ಮುಂದಿನ ತಿಂಗಳು ಅದೇ ಕಾಫಿ ಹೃದಯಕ್ಕೆ ಕೆಟ್ಟದ್ದು ಎಂದು ಬರುತ್ತದೆ. ಹಂದಿ ಮಾಂಸವೂ ಸಿಗರೇಟೂ ಒಂದೇ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ, ಇನ್ನು ಪಂದಿ ಕರಿ ಮಾಡಬೇಡಿ ಎಂದು ಮೈಸೂರಿನಲ್ಲಿರುವ ಮಗಳು ಫೋನ್ ಮಾಡುತ್ತಾಳೆ. ಯಜಮಾನರು, ನಾವು ಪಂದಿ ಕರಿಗೆ ಹಾಕುವ ಹಣ್ಣಿನ ಹುಳಿ ಕಾಚಂಪುಳಿಯಿಂದ ಬೊಜ್ಜು ಕರಗುತ್ತದೆಂದು ಅಮೆರಿಕದ ಸಂಶೋಧನೆ ಹೇಳಿದೆಯಂತೆ ಎಂದು ಮೊಬೈಲಿನಲ್ಲಿ ನೋಡಿ, ಅದರ ಸತ್ವದ ಕ್ಯಾಪ್ಸೂಲ್ ತರಿಸಿಕೊಂಡು ದಿನಕ್ಕೆ ಎರಡು ನುಂಗುತ್ತಿದ್ದಾರೆ. ‘ವಿಜ್ಞಾನಿಗಳು ದಿನಕ್ಕೊಂದು ಹೇಳುತ್ತಾರೆ, ನಾಳೆ ಬಿಪಿ ಗುಳಿಗೆಯೂ ವಿಷ ಎಂದಾರು’ ಎನ್ನುತ್ತಾ ಆ ಗುಳಿಗೆಯನ್ನು ಮಾತ್ರ ವಾರದಲ್ಲಿ ಎರಡು ಮೂರು ದಿನ ಬಿಟ್ಟುಬಿಡುತ್ತಾರೆ. ಇದರ ಜೊತೆಗೆ ಈಗ ಮಳೆಗಾಲದ ಕಕ್ಕಡ ತಿಂಗಳು. ಈ ತಿಂಗಳಲ್ಲಿ ಪಾಯಸ ಮಾಡಿ ಉಣ್ಣುವ ಮದ್ದು ಸೊಪ್ಪಿಗೆ ಕ್ಯಾನ್ಸರ್ ಕೊಲ್ಲುವ ಗುಣವಿರುವುದು ಪ್ರಯೋಗಾಲಯದಲ್ಲಿ ಸಾಬೀತಾಗಿದೆ, ವರ್ಷವಿಡೀ ಪುಡಿ ತಿನ್ನಿ ಎಂದು ನೆಂಟರೊಬ್ಬರು ಬರೆದಿದ್ದಾರೆ. ಯಾವುದನ್ನು ನಂಬಬೇಕು? ಅಥವಾ ಯಾವುದನ್ನೂ ನಂಬದೆ ನಮ್ಮ ಪಾಡಿಗೆ ನಾವು ಇದ್ದುಬಿಡಬಹುದೇ?

— ಹೆಸರು ಬೇಡ, ದಕ್ಷಿಣ ಕೊಡಗು

ಉತ್ತರ

ಎರಡು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ಓದಿ. ನಿಮ್ಮ ಯಜಮಾನರು ಕ್ಯಾಪ್ಸೂಲನ್ನು ಇಂದೇ ನಿಲ್ಲಿಸಲಿ. ಬಿಪಿ ಗುಳಿಗೆಯನ್ನು ಇನ್ನು ಒಂದು ದಿನವೂ ತಪ್ಪಿಸದೆ ತೆಗೆದುಕೊಳ್ಳಲಿ. ಹಾಗೆಂದು, ಬಿಟ್ಟ ದಿನಗಳದ್ದನ್ನೆಲ್ಲ ಸೇರಿಸಿ ಒಟ್ಟಿಗೆ ನುಂಗುವುದು ಬೇಡ. ಕಾಫಿ, ಪಂದಿ ಕರಿ, ಮದ್ದು ಪಾಯಸಗಳ ತೀರ್ಮಾನಕ್ಕೆ ಯಾವ ಅವಸರವೂ ಇಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಕಾಫಿಯೂ ಅಲ್ಲ, ಹಂದಿ ಮಾಂಸವೂ ಅಲ್ಲ. ಪತ್ರಿಕೆಯ ಕಾಫಿ ಸುದ್ದಿಯನ್ನೂ ಬಿಪಿ ಗುಳಿಗೆಯನ್ನೂ ನಿಮ್ಮ ಯಜಮಾನರು ಒಂದೇ ತಕ್ಕಡಿಯಲ್ಲಿ ಇಟ್ಟಿದ್ದಾರಲ್ಲ, ಅದು. ಮಡಿಕೇರಿಯಲ್ಲಿ ರೋಗಿಗಳನ್ನು ನೋಡುತ್ತಾ ಬಂದ ನನಗೆ ಈ ಮಾತು ಹೊಸದಲ್ಲ. ಎಲ್ಲವನ್ನೂ ನಂಬುವವರು ಹೆಚ್ಚಾಗಿ ಒಂದಿಷ್ಟು ಹಣ ಕಳೆದುಕೊಂಡು ಬರುತ್ತಾರೆ. ಯಾವುದನ್ನೂ ನಂಬದವರಲ್ಲಿ ಕೆಲವರು ಬಾಯಿ ಸೊಟ್ಟಗಾಗಿ, ಒಂದು ಕೈ ಬಿದ್ದುಹೋಗಿ ಬರುತ್ತಾರೆ. ಆದ್ದರಿಂದ ‘ನಂಬಬೇಕೇ ಬಿಡಬೇಕೇ’ ಎಂಬುದಕ್ಕಿಂತ, ಈ ಮಾತನ್ನು ಯಾರ ಮೇಲೆ, ಹೇಗೆ ಪರೀಕ್ಷಿಸಿ ಹೇಳಿದ್ದಾರೆ ಎಂದು ಕೇಳುವುದು ಲೇಸು. ಹಾಗೆ ಕೇಳಿದರೆ ನೀವು ಹೆಸರಿಸಿದ ಐದೂ ಸಂಗತಿಗಳು ಐದು ಬೇರೆ ಬೇರೆ ಎತ್ತರದಲ್ಲಿ ನಿಲ್ಲುತ್ತವೆ.

ಮೊದಲು ಸುದ್ದಿ ಹೀಗೇಕೆ ತಿರುಗುಮುರುಗಾಗುತ್ತದೆ ಎಂಬುದನ್ನು ನೋಡೋಣ. ಬಿಪಿ ಗುಳಿಗೆ ಇವತ್ತೂ ಪಾರ್ಶ್ವವಾಯುವನ್ನು ತಡೆಯುತ್ತಿದೆ ಎಂದು ಯಾವ ಪತ್ರಿಕೆಯೂ ಮುಖಪುಟದಲ್ಲಿ ಹಾಕುವುದಿಲ್ಲ. ಹಾಕಿದರೆ ಓದುವವರೂ ಇಲ್ಲ. ಅಚ್ಚರಿ ಹುಟ್ಟಿಸಿದ್ದು ಮಾತ್ರ ಸುದ್ದಿ. ತೊಡಕು ಇರುವುದು ಇಲ್ಲೇ. ಒಂದು ಫಲಿತಾಂಶ ಅಚ್ಚರಿ ಹುಟ್ಟಿಸುತ್ತದೆ ಎಂದರೆ, ಈವರೆಗೆ ತಿಳಿದದ್ದಕ್ಕೆ ಅದು ಹೊಂದುತ್ತಿಲ್ಲ ಎಂದೇ ಅರ್ಥ. ಅಂಥದ್ದು ತಪ್ಪಾಗಿರುವ ಸಾಧ್ಯತೆ ಮೊದಲಿನಿಂದಲೇ ಹೆಚ್ಚು.

ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ವಿಜ್ಞಾನಿಗಳು ನೂರು ವಿಚಿತ್ರ ಊಹೆಗಳನ್ನು ಪರೀಕ್ಷಿಸುತ್ತಾರೆ, ಅವುಗಳಲ್ಲಿ ನಿಜವಾದವು ಹತ್ತೇ ಎಂದಿಟ್ಟುಕೊಳ್ಳಿ. ಒಳ್ಳೆಯ ಅಧ್ಯಯನಗಳು ಆ ಹತ್ತರಲ್ಲಿ ಎಂಟನ್ನು ಹಿಡಿದಾವು. ಇಲ್ಲದ್ದನ್ನು ಇದೆ ಎಂದು ಕಾಣುವ ತಪ್ಪಿಗೆ ಸಂಶೋಧನಾ ಲೋಕ ವಾಡಿಕೆಯಾಗಿ ಒಪ್ಪಿಕೊಂಡ ಮಿತಿ ನೂರಕ್ಕೆ ಐದು. ಉಳಿದ ತೊಂಬತ್ತು ಊಹೆಗಳಲ್ಲಿ ನಾಲ್ಕೈದು ಹೀಗೆ ಸುಳ್ಳು ಫಲ ಕೊಡುತ್ತವೆ. ಅಂದರೆ ‘ಪರಿಣಾಮ ಇದೆ’ ಎಂದು ಹೊರಬಿದ್ದ ಹನ್ನೆರಡು ಹದಿಮೂರರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಸುಳ್ಳು, ಅದೂ ಯಾರೊಬ್ಬರೂ ಮೋಸ ಮಾಡದೆ. ಇನ್ನು ಅಧ್ಯಯನ ಚಿಕ್ಕದಾಗಿದ್ದರೆ, ಬೇಕಾದ ಉತ್ತರ ಸಿಗುವವರೆಗೆ ಅಂಕಿಗಳನ್ನು ಹಿಂಡಿದ್ದರೆ, ಪಾಲು ಇನ್ನೂ ಹೆಚ್ಚು. ಜಾನ್ ಇಯೊಆನಿಡಿಸ್ ಎಂಬ ವೈದ್ಯ ಸಂಶೋಧಕ 2005ರಲ್ಲಿ ಈ ತರ್ಕವನ್ನು ಮುಂದಿಟ್ಟಾಗ ಗದ್ದಲವೇ ಎದ್ದಿತು. ಅವರೇ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಒಂದು ಅಡುಗೆ ಪುಸ್ತಕದಿಂದ 50 ಪದಾರ್ಥಗಳನ್ನು ಆರಿಸಿ ಹುಡುಕಿದರು. 40 ಪದಾರ್ಥಗಳ ಬಗ್ಗೆ ಕ್ಯಾನ್ಸರಿಗೆ ಸಂಬಂಧಿಸಿದ ಪ್ರಬಂಧಗಳು ಸಿಕ್ಕವು. ಒಂದೇ ಪದಾರ್ಥವನ್ನು ಕೆಲವು ಪ್ರಬಂಧಗಳು ಅಪಾಯ ಎಂದರೆ ಇನ್ನು ಕೆಲವು ರಕ್ಷಣೆ ಎಂದಿದ್ದವು. ನಿಮ್ಮ ಮನೆಯ ಜಗಳಕ್ಕೆ ಬೇಕಾದ ಸರಕು ಜಗತ್ತಿನಲ್ಲಿ ಧಾರಾಳವಾಗಿದೆ.

ಚಿಕ್ಕ ಅಧ್ಯಯನ ಎಂದೆನಲ್ಲ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಾಫಿ ಮಾರುವಾಗ ವ್ಯಾಪಾರಿ ಔಟ್‌ಟರ್ನ್ (ಒಣಕಾಯಿಯಿಂದ ಸಿಗುವ ಬೇಳೆಯ ಪ್ರಮಾಣ) ನೋಡಲು ಒಂದೇ ಮೂಟೆಯ ಮೇಲ್ಭಾಗದಿಂದ ಒಂದು ಹಿಡಿ ತೆಗೆದು ಇಡೀ ಗೋದಾಮಿಗೆ ದರ ಕಟ್ಟಿದರೆ ನೀವು ಒಪ್ಪುತ್ತೀರಾ? 2015ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕೆಂದೇ ಅಂಥ ಕೆಲಸ ಮಾಡಿದರು. ಬರೀ 15 ಜನರ ಮೇಲೆ, ತೂಕ, ಕೊಲೆಸ್ಟರಾಲ್, ನಿದ್ದೆ ಎಂದು 18 ಬಗೆಯ ಅಳತೆ ತೆಗೆದು, ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ ಎಂದು ಪ್ರಬಂಧ ಬರೆದರು. ಅಷ್ಟೊಂದು ಅಳತೆ ತೆಗೆದರೆ ಒಂದರಲ್ಲಾದರೂ ಆಕಸ್ಮಿಕವಾಗಿ ಏನಾದರೂ ಕಾಣಲೇಬೇಕು, ಕಂಡಿತು. ನಿಯತಕಾಲಿಕೆಯೊಂದು ಅದನ್ನು ಪ್ರಕಟಿಸಿತು, ಹಲವು ದೇಶಗಳ ಪತ್ರಿಕೆಗಳು ದೊಡ್ಡದಾಗಿ ಹಾಕಿದವು. ಆಮೇಲೆ ಅವರೇ ಎಲ್ಲವನ್ನೂ ಬಯಲು ಮಾಡಿದರು. ಎಷ್ಟು ಜನರ ಮೇಲೆ ಪರೀಕ್ಷೆ ನಡೆಯಿತು ಎಂದು ವಿಚಾರಿಸಿದ್ದರೆ ಸುದ್ದಿ ಅಲ್ಲಿಗೇ ಬಿದ್ದುಹೋಗುತ್ತಿತ್ತು.

ಪತ್ರಕರ್ತರನ್ನಷ್ಟೇ ದೂರುವುದು ನ್ಯಾಯವಲ್ಲ. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳು ಹೊರಡಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಮೂಲ ಪ್ರಬಂಧಗಳೊಡನೆ ಹೋಲಿಸಿದ ಅಧ್ಯಯನ 2014ರಲ್ಲಿ ಬಂತು. ಪ್ರಾಣಿಗಳ ಮೇಲೆ ಕಂಡದ್ದನ್ನು ಮನುಷ್ಯರಿಗೂ ಅನ್ವಯಿಸಿ ಉಬ್ಬಿಸಿದ ಪ್ರಕಟಣೆಗಳು ನೂರಕ್ಕೆ 36. ಉತ್ಪ್ರೇಕ್ಷೆಯ ದೊಡ್ಡ ಪಾಲು ಪತ್ರಿಕಾ ಕಚೇರಿಗೆ ಬರುವ ಮುಂಚೆ, ವಿಶ್ವವಿದ್ಯಾಲಯದಲ್ಲೇ ಸೇರಿಕೊಂಡಿರುತ್ತದೆ.

ಇನ್ನು ಕಾಫಿಗೆ ಬರೋಣ. ಕೊಡಗಿನಲ್ಲಿ ಕುಳಿತು ಕಾಫಿಯ ಬಗ್ಗೆ ನಿಷ್ಪಕ್ಷಪಾತವಾಗಿ ಬರೆಯುವುದು ಕಷ್ಟ, ಪ್ರಯತ್ನಿಸುತ್ತೇನೆ.

1981ರಲ್ಲಿ ಅಮೆರಿಕದ ಹಾರ್ವರ್ಡ್‌ನ ಬ್ರಯಾನ್ ಮ್ಯಾಕ್‌ಮಹೋನ್ ಮತ್ತು ಸಂಗಡಿಗರು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೂ ಕಾಫಿಗೂ ನಂಟಿದೆ ಎಂದು ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಜಗತ್ತು ಬೆಚ್ಚಿತು. ಅವರು 369 ಕ್ಯಾನ್ಸರ್ ರೋಗಿಗಳನ್ನು, ಅದೇ ಆಸ್ಪತ್ರೆಗಳ 644 ಬೇರೆ ರೋಗಿಗಳೊಡನೆ ಹೋಲಿಸಿದ್ದರು. ಆ ಬೇರೆ ರೋಗಿಗಳಲ್ಲಿ ಅನೇಕರು ಹೊಟ್ಟೆಯ ತೊಂದರೆಯವರು. ಹೊಟ್ಟೆ ಉರಿ ಇದ್ದವರು ಕಾಫಿ ಕಡಿಮೆ ಮಾಡಿರುತ್ತಾರಲ್ಲವೇ? ಹೋಲಿಕೆಯ ಗುಂಪು ಕಾಫಿ ಬಿಟ್ಟಿದ್ದರಿಂದ ಕ್ಯಾನ್ಸರ್ ಗುಂಪು ಹೆಚ್ಚು ಕಾಫಿ ಕುಡಿದಂತೆ ಕಂಡಿತು. ಬೇರೆಯವರು ಮತ್ತೆ ಮಾಡಿ ನೋಡಿದಾಗ ನಂಟು ನಿಲ್ಲಲಿಲ್ಲ. 1986ರಲ್ಲಿ ಅದೇ ತಂಡ ಹೊಸ ಅಧ್ಯಯನ ಮಾಡಿದಾಗಲೂ ಮೊದಲಿನ ಫಲ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1991ರಲ್ಲಿ ಕಾಫಿಯನ್ನು ಮೂತ್ರಕೋಶದ ಕ್ಯಾನ್ಸರ್ ತರಬಹುದಾದ ವಸ್ತುಗಳ ಸಾಲಿಗೆ ಸೇರಿಸಿತ್ತು. 2016ರಲ್ಲಿ ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ನೋಡಿ ಆ ಸಾಲಿನಿಂದ ತೆಗೆದುಹಾಕಿತು.

ಹಾಗಾದರೆ ಕಾಫಿ ಆಯುಸ್ಸು ಹೆಚ್ಚಿಸುತ್ತದೆಯೇ? 2017ರಲ್ಲಿ ಬಂದ ದೊಡ್ಡ ಪರಿಶೀಲನೆಯೊಂದರಲ್ಲಿ, ದಿನಕ್ಕೆ ಮೂರು ನಾಲ್ಕು ಕಪ್ ಕುಡಿಯುವವರಲ್ಲಿ ಹೃದಯರೋಗ ಮತ್ತು ಸಾವಿನ ಪ್ರಮಾಣ ಕಡಿಮೆ ಕಂಡುಬಂತು. ಇವೆಲ್ಲ ಬಹುಮಟ್ಟಿಗೆ ಜನರನ್ನು ಅವರ ಪಾಡಿಗೆ ಬಿಟ್ಟು ಗಮನಿಸಿದ ಅಧ್ಯಯನಗಳು. ಕಾಯಿಲೆ ಬಿದ್ದವರು ಕಾಫಿ ಬಿಡುತ್ತಾರೆ. ಆಗ ಬಿಟ್ಟವರ ಗುಂಪಿನಲ್ಲಿ ರೋಗಿಗಳು ತುಂಬಿ, ಕುಡಿಯುವವರು ಗಟ್ಟಿಮುಟ್ಟಾಗಿ ಕಾಣುತ್ತಾರೆ. 1981ರ ಎಡವಟ್ಟೇ ಇಲ್ಲಿ ಕಾಫಿಯ ಪರವಾಗಿ ಕೆಲಸ ಮಾಡಿರಬಹುದು. ಜೊತೆಗೆ ಅವರ ಕಪ್ ನಮ್ಮ ಲೋಟ ಅಲ್ಲ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡು ಪಟ್ಟು. ಪುಡಿಗೆ ಚಿಕೋರಿ ಬೆರೆಸಿದಷ್ಟೂ ಅದು ಇಳಿಯುತ್ತದೆ. ಅಲ್ಲಿನ ಮೂರು ಕಪ್ ಇಲ್ಲಿ ಎಷ್ಟು ಎಂದು ಸುದ್ದಿ ಬರೆದವರು ಯೋಚಿಸಿರುವುದಿಲ್ಲ. ನನ್ನ ತೀರ್ಮಾನ ಇಷ್ಟೇ: ಆಯುಸ್ಸಿಗಾಗಿ ಕುಡಿಯಬೇಡಿ, ಭಯಕ್ಕಾಗಿ ಬಿಡಬೇಡಿ. ಗರ್ಭಿಣಿಯರು ಮಾತ್ರ ಮಿತಿಗೊಳಿಸಬೇಕು. ಬಿಪಿ ಅಳೆಯುವ ಮುಂಚಿನ ಅರ್ಧ ಗಂಟೆ ಕುಡಿಯಬಾರದು, ಅಳತೆ ಏರಿ ತೋರಿಸುತ್ತದೆ.

ಹಾಗೆಂದು ಕಾಫಿಯ ಮೇಲಿನ ಎಲ್ಲ ಅಚ್ಚರಿಯ ಸುದ್ದಿಗಳೂ ಸುಳ್ಳಾಗಲಿಲ್ಲ. ಇದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ. ಕಾಫಿ ಹೆಚ್ಚು ಕುಡಿಯುವವರಲ್ಲಿ ಕೊಲೆಸ್ಟರಾಲ್ ಹೆಚ್ಚು ಎಂದು 1983ರಲ್ಲಿ ನಾರ್ವೆಯ ಟ್ರೋಮ್ಸೋ ಊರಿನಿಂದ ವರದಿ ಬಂತು. ಬೇರೆ ದೇಶಗಳಲ್ಲಿ ಹಾಗೆ ಸ್ಪಷ್ಟವಾಗಿ ಕಾಣಲಿಲ್ಲ. ಸುದ್ದಿ ಅಲ್ಲಿಗೇ ಸಾಯಬಹುದಿತ್ತು. ಆದರೆ ಸಂಶೋಧಕರು ಬಿಡಲಿಲ್ಲ. ನಾರ್ವೆಯವರು ಪುಡಿಯನ್ನು ನೀರಲ್ಲಿ ಕುದಿಸಿ ಕುಡಿಯುತ್ತಿದ್ದರು, ಬೇರೆಯವರು ಕಾಗದದಲ್ಲಿ ಸೋಸುತ್ತಿದ್ದರು. ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕುದಿಸಿದ್ದು, ಇನ್ನೊಂದಕ್ಕೆ ಸೋಸಿದ್ದು ಕೊಟ್ಟು ನೋಡಿದರು. ಕುದಿಸಿದ ಕಾಫಿ ಕುಡಿದವರ ಕೊಲೆಸ್ಟರಾಲ್ ಏರಿತು. ಕೊನೆಗೆ ಕಾಫಿ ಎಣ್ಣೆಯಲ್ಲಿರುವ ಕಾರಣವೂ ಸಿಕ್ಕಿತು: ಕೆಫೆಸ್ಟಾಲ್ ಎಂಬ ಅಂಶ, ಕಾಗದ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ಅನುಮಾನ, ಆಮೇಲೆ ಮನುಷ್ಯರ ಮೇಲೆ ಪರೀಕ್ಷೆ, ಆಮೇಲೆ ಕಾರಣ. ಹೀಗೆ ಹಂತ ಹಂತವಾಗಿ ಗಟ್ಟಿಯಾದದ್ದನ್ನು ಒಪ್ಪಲೇಬೇಕು. ನಮ್ಮ ಬೆಲ್ಲದ ಕಾಫಿಯನ್ನು ಪುಡಿ ಹಾಕಿ ಕುದಿಸಿಯೇ ಮಾಡುವ ಮನೆಗಳಿವೆ. ರೊಬಸ್ಟಾದಲ್ಲಿ ಕೆಫೆಸ್ಟಾಲ್ ಅರೇಬಿಕಾಕ್ಕಿಂತ ಕಡಿಮೆ ಎಂಬುದು ಸಮಾಧಾನ. ನಿಮ್ಮಿಬ್ಬರಲ್ಲಿ ಯಾರಿಗಾದರೂ ಕೊಲೆಸ್ಟರಾಲ್ ಹೆಚ್ಚಿದ್ದು ದಿನಕ್ಕೆ ಐದಾರು ಲೋಟ ನಡೆಯುತ್ತಿದ್ದರೆ ಕಾಗದದ ಫಿಲ್ಟರ್ ಹಾಕಿ ಸೋಸಿ ನೋಡಿ. ಆ ಕ್ಯಾನ್ಸರ್ ಸಂಸ್ಥೆಯ ಅದೇ 2016ರ ಪರಿಶೀಲನೆ 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದಿತು. ಜಡಿಮಳೆಯಲ್ಲಿ ನೆನೆದು ಬಂದವರು ಹಬೆಯಾಡುವ ಕಾಫಿಯನ್ನು ಗಟಗಟನೆ ಕುಡಿಯುವ ಊರು ನಮ್ಮದು. ಎರಡು ನಿಮಿಷ ಆರಲು ಬಿಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ, ಆದ್ದರಿಂದ ಇದಕ್ಕೆ ಪೂರ್ಣ ಪುರಾವೆ ಬರಲಿ ಎಂದು ನಾನು ಕಾಯುವುದಿಲ್ಲ.

ಮಗಳ ಮಾತಿನಲ್ಲಿ ಅರ್ಧ ನಿಜವಿದೆ. 2015ರ ಅಕ್ಟೋಬರಿನಲ್ಲಿ ಅದೇ ಕ್ಯಾನ್ಸರ್ ಸಂಸ್ಥೆ, ಉಪ್ಪು ಹಾಕಿ, ಹೊಗೆಯಲ್ಲಿಟ್ಟು, ರಾಸಾಯನಿಕ ಬೆರೆಸಿ ಕೆಡದಂತೆ ಮಾಡಿದ ಸಂಸ್ಕರಿತ ಮಾಂಸವನ್ನು, ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದವುಗಳ ಮೊದಲನೇ ಗುಂಪಿಗೆ ಸೇರಿಸಿತು. ತಂಬಾಕು ಇರುವುದೂ ಆ ಗುಂಪಿನಲ್ಲೇ. ಆದರೆ ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಮಾತ್ರ, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಆ ಸಂಸ್ಥೆಯೇ ಉಲ್ಲೇಖಿಸಿದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ತಂಬಾಕಿನಿಂದ ಕ್ಯಾನ್ಸರಾಗಿ ಸಾಯುವವರು ಸುಮಾರು 10 ಲಕ್ಷ, ಮದ್ಯದಿಂದ 6 ಲಕ್ಷ, ಸಂಸ್ಕರಿತ ಮಾಂಸ ಹೆಚ್ಚಿರುವ ಆಹಾರದಿಂದ 34 ಸಾವಿರ. ಮದ್ಯವೂ ಮೊದಲನೇ ಗುಂಪಿನಲ್ಲಿದೆ, ಅಡಿಕೆಯೂ ಇದೆ. ಪಂದಿ ಕರಿಯ ಬಟ್ಟಲಿನ ಪಕ್ಕದಲ್ಲಿಟ್ಟ ಗ್ಲಾಸಿನ ಬಗ್ಗೆ, ಊಟ ಮುಗಿದ ಮೇಲಿನ ಎಲೆ ಅಡಿಕೆಯ ಬಗ್ಗೆ ಮಗಳು ಫೋನ್ ಮಾಡಿದ್ದಾಳೆಯೇ ಗೊತ್ತಿಲ್ಲ.

ಸುದ್ದಿಯಲ್ಲಿ ಬಂದ ‘ಶೇ. 18 ಹೆಚ್ಚು’ ಎಂಬುದನ್ನೂ ಬಿಡಿಸಿ ನೋಡಬೇಕು. ಪ್ರತಿದಿನ 50 ಗ್ರಾಂ ಸಂಸ್ಕರಿತ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಷ್ಟು ಹೆಚ್ಚುತ್ತದೆ ಎಂಬುದು ಮೂಲ ಮಾತು. ಪಾಶ್ಚಾತ್ಯ ದೇಶಗಳಲ್ಲಿ ಜೀವಮಾನದಲ್ಲಿ ನೂರರಲ್ಲಿ ಸುಮಾರು ಐದು ಮಂದಿಗೆ ಈ ರೋಗ ಬರುತ್ತದೆ ಎಂದುಕೊಂಡರೆ, ಅದು ಆರರ ಹತ್ತಿರ ಹೋಗುತ್ತದೆ. ಭಾರತದಲ್ಲಿ ಈ ರೋಗ ಅಲ್ಲಿಗಿಂತ ಬಹಳ ಕಡಿಮೆ, ಹಾಗಾಗಿ ಏರಿಕೆಯೂ ಕಡಿಮೆ. ‘ಎಷ್ಟರಲ್ಲಿ ಎಷ್ಟು’ ಎಂದು ಹೇಳದ ಶೇಕಡಾ ಲೆಕ್ಕ ಬಲು ಅನಾಹುತ ಮಾಡಬಲ್ಲದು. 1995ರಲ್ಲಿ ಬ್ರಿಟನ್ನಿನಲ್ಲಿ ಹೊಸ ಬಗೆಯ ಗರ್ಭನಿರೋಧಕ ಗುಳಿಗೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಇಮ್ಮಡಿ ಎಂದು ಎಚ್ಚರಿಕೆ ಹೊರಟಿತು. ಏಳು ಸಾವಿರ ಹೆಂಗಸರಲ್ಲಿ ಒಬ್ಬರಿಗೆ ಬರುತ್ತಿದ್ದದ್ದು ಇಬ್ಬರಿಗೆ ಎಂಬುದು ಅದರ ಅರ್ಥವಾಗಿತ್ತು. ಹೆದರಿದ ಹೆಂಗಸರು ಗುಳಿಗೆ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13 ಸಾವಿರ ಗರ್ಭಪಾತಗಳು ಹೆಚ್ಚಾದವು ಎಂದು ಅಂದಾಜು.

ಪಂದಿ ಕರಿ ತಾಜಾ ಮಾಂಸದ ಅಡುಗೆ, ಸಂಸ್ಕರಿತ ಮಾಂಸವಲ್ಲ. ತಾಜಾ ಕೆಂಪು ಮಾಂಸ ಒಂದು ಮೆಟ್ಟಿಲು ಕೆಳಗೆ, ‘ಸಂಭವವಿದೆ’ ಎಂಬ ಗುಂಪಿನಲ್ಲಿದೆ. ಒಲೆಯ ಮೇಲೆ ಕಟ್ಟಿ ಹೊಗೆಯಲ್ಲಿ ಒಣಗಿಸಿದ ಮಾಂಸ, ಪೊಟ್ಟಣದ ಸಾಸೇಜ್, ಬೇಕನ್‌ಗಳು ಮೊದಲನೇ ಗುಂಪಿಗೆ ಸೇರುತ್ತವೆ. ಕೈಲ್ ಮುಹೂರ್ತದ ಹಬ್ಬಕ್ಕೆ, ಮದುವೆಗೆ, ತಿಂಗಳಲ್ಲೊಂದೆರಡು ಭಾನುವಾರ ಅಕ್ಕಿಯ ಉಂಡೆ ಕಡಂಬುಟ್ಟಿನ ಜೊತೆ ತಿನ್ನುವ ಪಂದಿ ಕರಿಯನ್ನು ಕ್ಯಾನ್ಸರಿನ ಹೆಸರಿನಲ್ಲಿ ನಾನು ನಿಲ್ಲಿಸಲಾರೆ. ಬಿಪಿ ಇರುವ ಯಜಮಾನರಿಗೆ ಅದರ ಕೊಬ್ಬು ಮತ್ತು ಉಪ್ಪಿನ ವಿಷಯದಲ್ಲಿ ಕೈ ಬಿಗಿ ಹಿಡಿಯಲು ಹೇಳುತ್ತೇನೆ. ಇದಕ್ಕೆ ಹೊಸ ಸಂಶೋಧನೆ ಬೇಕಿಲ್ಲ, ಹಳೆಯದೇ ಸಾಕು.

ಇನ್ನು ಕಾಚಂಪುಳಿ. ಈ ಕಥೆಯ ಮೊದಲ ಅಧ್ಯಾಯ ನಡೆದದ್ದು ಮೈಸೂರಿನಲ್ಲಿ. ನಾವು ಕಾಚಂಪುಳಿ ಇಳಿಸುವ, ಮಲೆನಾಡಿನವರು ಉಪ್ಪಾಗೆ ಎನ್ನುವ ಹಣ್ಣಿನ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಗುರುತಿಸಿದವರು ಅಲ್ಲಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಲೂಯಿಸ್ ಮತ್ತು ನೀಲಕಂಠನ್. ಮುಂದೆ ಅಮೆರಿಕದಲ್ಲಿ, ದೇಹ ಕೊಬ್ಬು ತಯಾರಿಸಲು ಬಳಸುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ ಎಂಬುದು ಗೊತ್ತಾಯಿತು. ಇಲಿಗಳಿಗೆ ತಿನ್ನಿಸಿದಾಗ ಅವು ಕಡಿಮೆ ತಿಂದವು, ಕೊಬ್ಬೂ ಕಡಿಮೆ ಕಟ್ಟಿತು. ಇಲ್ಲಿಯವರೆಗೆ ಎಲ್ಲವೂ ಒಳ್ಳೆಯ ವಿಜ್ಞಾನವೇ. ಕ್ಯಾಪ್ಸೂಲ್ ಮಾರುವವರು ‘ಸಂಶೋಧನೆ ಹೇಳಿದೆ’ ಎನ್ನುವಾಗ ಇಲ್ಲಿಗೇ ನಿಲ್ಲಿಸುತ್ತಾರೆ.

ಮುಂದಿನದನ್ನು ನಾನು ಹೇಳುತ್ತೇನೆ. ತೂಕ ಹೆಚ್ಚಿದ್ದ 135 ಮನುಷ್ಯರ ಮೇಲೆ ನಡೆದ ಪರೀಕ್ಷೆ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಲ್ಲರಿಗೂ ಮಿತ ಆಹಾರ. ಚೀಟಿ ಎತ್ತಿ ಒಂದು ಗುಂಪಿಗೆ ಈ ಸತ್ವ, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಹುಸಿ ಕ್ಯಾಪ್ಸೂಲ್. ಯಾರಿಗೆ ಯಾವುದು ಎಂದು ಅವರಿಗೂ ಗೊತ್ತಿಲ್ಲ, ಅಳೆಯುವವರಿಗೂ ಗೊತ್ತಿಲ್ಲ. 12 ವಾರಗಳ ನಂತರ ಸತ್ವ ನುಂಗಿದವರು ಸರಾಸರಿ 3.2 ಕೆ.ಜಿ. ಇಳಿದಿದ್ದರು, ಹುಸಿ ಕ್ಯಾಪ್ಸೂಲಿನವರು 4.1 ಕೆ.ಜಿ. ವ್ಯತ್ಯಾಸ ಆಕಸ್ಮಿಕ ಎನ್ನುವಷ್ಟೇ ಇತ್ತು, ಆದರೂ ಯಾವ ಕಡೆಗೆ ವಾಲಿದೆ ನೋಡಿ. ಆಮೇಲೆ ನಡೆದ ಪರೀಕ್ಷೆಗಳನ್ನೆಲ್ಲ 2011ರಲ್ಲಿ ಒಟ್ಟುಗೂಡಿಸಿದಾಗ ಸತ್ವದ ಪರವಾಗಿ ಸಿಕ್ಕಿದ್ದು ಸುಮಾರು 0.9 ಕೆ.ಜಿ. ಕಟ್ಟುನಿಟ್ಟಾಗಿ ನಡೆದವುಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಾಗ ಅದೂ ಉಳಿಯಲಿಲ್ಲ. ಇಷ್ಟಾದ ಮೇಲೂ ಅಮೆರಿಕದ ಟಿವಿ ವೈದ್ಯ ಮೆಹ್ಮೆತ್ ಆಝ್ ತಮ್ಮ ಕಾರ್ಯಕ್ರಮದಲ್ಲಿ ಇದನ್ನು ಕೊಂಡಾಡಿದರು. 2014ರಲ್ಲಿ ಅಲ್ಲಿನ ಸೆನೆಟ್ ಸಮಿತಿ ಅವರನ್ನು ಕರೆದು, ಇಂಥ ಹೊಗಳಿಕೆಗಳ ಬಗ್ಗೆ ಮುಖಕ್ಕೆ ಹೊಡೆದಂತೆ ಪ್ರಶ್ನೆ ಕೇಳಿತು. ಹಳ್ಳಿಯ ಹುಳಿ ಅಮೆರಿಕಕ್ಕೆ ಹೋಗಿ, ಅಲ್ಲಿ ಸೋತು, ಗೆದ್ದ ಹಾಗೆ ನಟಿಸುತ್ತಾ ಕ್ಯಾಪ್ಸೂಲಿನಲ್ಲಿ ವಾಪಸು ಗೋಣಿಕೊಪ್ಪಕ್ಕೆ ಬಂದಿದೆ.

ತೂಕ ಇಳಿಯದಿದ್ದರೆ ಹಣ ಮಾತ್ರ ಹೋಗುತ್ತಿತ್ತು, ನಾನು ಇಷ್ಟು ಬರೆಯುತ್ತಿರಲಿಲ್ಲ. ಈ ಸತ್ವವಿರುವ ಕ್ಯಾಪ್ಸೂಲುಗಳಿಂದ ಕೆಲವರಿಗೆ ಯಕೃತ್ತು, ಅಂದರೆ ಲಿವರ್, ಹಾಳಾದ ವರದಿಗಳಿವೆ. ಕೆಲವರಲ್ಲಿ ಯಕೃತ್ತಿನ ಕಸಿಯವರೆಗೂ ಹೋಗಿದೆ. 2009ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೈಡ್ರಾಕ್ಸಿಕಟ್ ಎಂಬ ತೂಕ ಇಳಿಸುವ ಉತ್ಪನ್ನಗಳ ಬಗ್ಗೆ ಎಚ್ಚರಿಕೆ ನೀಡಿದಾಗ ಅದರ ಮುಂದೆ 23 ಗಂಭೀರ ಪ್ರಕರಣಗಳಿದ್ದವು, ಒಂದು ಸಾವೂ ಇತ್ತು. ಅದರಲ್ಲಿ ಹಲವು ಪದಾರ್ಥಗಳಿದ್ದುದರಿಂದ ಯಾವುದು ಕಾರಣ ಎಂಬ ವಾದ ನಡೆಯಿತು. ಆದರೆ ಈ ಹಣ್ಣಿನ ಸತ್ವವೊಂದನ್ನೇ ನುಂಗಿದವರಲ್ಲೂ ಕಾಮಾಲೆ ಕಂಡಿದೆ. ಇದು ಎಲ್ಲರಿಗೂ ಆಗುವುದಿಲ್ಲ, ಯಾರಿಗೆ ಆಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಲಾಭ ಇಲ್ಲದ ಕಡೆ ಅಪರೂಪದ ಅಪಾಯವೂ ದುಬಾರಿ.

‘ಡಬ್ಬಿಯ ಮೇಲೆ ಸರ್ಕಾರದ ಲೈಸೆನ್ಸ್ ನಂಬರ್ ಇದೆ’ ಎಂದು ಯಜಮಾನರು ಹೇಳಬಹುದು. ಎಫ್‌ಎಸ್‌ಎಸ್‌ಎಐ ನಂಬರ್ ಆಹಾರ ಪದಾರ್ಥದ ಪರವಾನಗಿ. ಬೊಜ್ಜು ಕರಗುತ್ತದೆಯೇ ಎಂದು ಪರೀಕ್ಷಿಸಿ ಕೊಡುವುದಲ್ಲ. ಬೊಜ್ಜು, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಅಂಥ ಮಾತು ಕಂಡರೆ ಅದೇ ಮೊದಲ ಅನುಮಾನಕ್ಕೆ ಸಾಕು. ‘ಭಾರತದಲ್ಲಿ ಪರೀಕ್ಷೆ ಆಗಿದೆ’ ಎಂದು ಹೇಳಿಕೊಳ್ಳುವವರ ಪರೀಕ್ಷೆಯನ್ನು ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾದ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಹೊಸ ಪರೀಕ್ಷೆಗಳನ್ನು ಅಲ್ಲಿ ನೋಂದಾಯಿಸುವುದು 2009ರಿಂದ ಕಡ್ಡಾಯ. ಮಗಳಿಗೆ ಈ ಕೆಲಸ ಒಪ್ಪಿಸಿ, ಚೆನ್ನಾಗಿ ಮಾಡುತ್ತಾಳೆ.

ಅಡುಗೆಯ ಕಾಚಂಪುಳಿಯ ವಿಷಯ ಬೇರೆ. ಮಾಂಸದ ಪಾತ್ರೆಗೆ ಹಾಕುವ ಒಂದೆರಡು ಚಮಚ ಹತ್ತು ಜನರ ತಟ್ಟೆಗೆ ಹಂಚಿಹೋಗುತ್ತದೆ. ತಿಂಗಳುಗಟ್ಟಲೆ ದಿನವೂ ನುಂಗುವ ಸಾಂದ್ರ ಸತ್ವಕ್ಕೆ ಅದನ್ನು ಹೋಲಿಸಲಾಗದು. ಸೀಸೆಯನ್ನು ಎಸೆಯಬೇಡಿ.

ಬಿಪಿ ಗುಳಿಗೆ ಮೇಲಿನ ಎಲ್ಲಕ್ಕಿಂತ ಏಕೆ ಬೇರೆ ಎಂದು ಈಗ ಹೇಳಬಹುದು. ಇದೂ ಒಂದು ಕಾಲಕ್ಕೆ ಅನುಮಾನದ ವಿಷಯವೇ ಆಗಿತ್ತು. ವಯಸ್ಸಾದವರಿಗೆ ರಕ್ತದೊತ್ತಡ ಏರುವುದು ಸಹಜ, ಇಳಿಸಿದರೆ ಅಪಾಯ ಎಂದು ನಂಬಿದ್ದ ದೊಡ್ಡ ವೈದ್ಯರಿದ್ದರು. ಅದನ್ನು ಮುರಿದದ್ದು ಪರೀಕ್ಷೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ, ಕೆಳಗಿನ ಒತ್ತಡ 115ರಿಂದ 129 ಇದ್ದ 143 ಗಂಡಸರ ಮೇಲೆ ನಡೆದ ಅದರ ವರದಿ 1967ರಲ್ಲಿ ಬಂತು. ಅರ್ಧದಷ್ಟು ಮಂದಿಗೆ ಔಷಧ, ಉಳಿದವರಿಗೆ ಹುಸಿ ಗುಳಿಗೆ. ಹುಸಿ ಗುಳಿಗೆಯ 70 ಮಂದಿಯಲ್ಲಿ 27 ಜನರಿಗೆ ಗಂಭೀರ ತೊಂದರೆ ಬಂತು. ಔಷಧ ಪಡೆದ 73 ಮಂದಿಯಲ್ಲಿ ಇಬ್ಬರಿಗೆ. ಅಲ್ಲಿಂದ ಇಲ್ಲಿಯವರೆಗೆ ದೇಶ ದೇಶಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದ್ದಾರೆ. 2016ರಲ್ಲಿ 123 ಪರೀಕ್ಷೆಗಳ, ಆರು ಲಕ್ಷಕ್ಕೂ ಮೀರಿದ ಜನರ ಲೆಕ್ಕ ಒಟ್ಟಿಗೆ ಹಾಕಿದಾಗ, ಮೇಲಿನ ಒತ್ತಡವನ್ನು 10 ಅಂಶ ಇಳಿಸಿದರೆ ಪಾರ್ಶ್ವವಾಯು ಶೇ. 27ರಷ್ಟು, ಒಟ್ಟು ಸಾವು ಶೇ. 13ರಷ್ಟು ಕಡಿಮೆಯಾಗುತ್ತದೆ ಎಂದು ಕಂಡಿತು. ‘ನಾಳೆ ವಿಷ ಎಂದಾರು’ ಎನ್ನಲು ಇಷ್ಟನ್ನೂ ಉರುಳಿಸುವಂಥದ್ದು ಬರಬೇಕು. ಪತ್ರಿಕೆಯ ಮೂಲೆಯ ಒಂದು ಕಾಲಂ ಸಾಲದು.

ಗುಳಿಗೆಯನ್ನು ಆಗೊಮ್ಮೆ ಈಗೊಮ್ಮೆ ಬಿಡುವುದು ಪೂರ್ತಿ ಬಿಡುವುದಕ್ಕಿಂತ ಮೇಲು ಎಂದು ಅವರು ತಿಳಿದಿರಬಹುದು. ಆದರೆ ಅಟೆನೊಲಾಲ್, ಕ್ಲೋನಿಡಿನ್‌ನಂಥ ಕೆಲವು ಗುಳಿಗೆಗಳನ್ನು ಥಟ್ಟನೆ ನಿಲ್ಲಿಸಿದರೆ ನಾಡಿ, ಒತ್ತಡ ಮೊದಲಿಗಿಂತ ಮೇಲೆ ಹಾರಬಹುದು. ಕಾಲು ಬಾವು, ಒಣಕೆಮ್ಮು, ತಲೆಸುತ್ತು ಎಂಬ ಕಾರಣಕ್ಕೆ ಬಿಡುತ್ತಿದ್ದರೆ (ಅನೇಕ ಗಂಡಸರು ಇದನ್ನು ಹೆಂಡತಿಯ ಬಳಿ ಹೇಳುವುದಿಲ್ಲ) ವೈದ್ಯರಿಗೆ ಹೇಳಲಿ. ಬದಲಿ ಗುಳಿಗೆಗಳು ಬೇಕಾದಷ್ಟಿವೆ.

ಯಾವುದನ್ನೂ ನಂಬದೆ ಇರಬಹುದೇ ಎಂದಿರಿ. ಕಾಫಿ, ಮೊಟ್ಟೆ, ಚಾಕೊಲೇಟ್, ತುಪ್ಪದ ಸುದ್ದಿಗಳ ಮಟ್ಟಿಗೆ ಇರಬಹುದು, ನಷ್ಟವೇನಿಲ್ಲ. ನಿಜವಾದದ್ದು ಐದಾರು ವರ್ಷವಾದರೂ ಉಳಿದು ನಿಮ್ಮ ವೈದ್ಯರ ಬಾಯಿಗೆ ಬರುತ್ತದೆ. ಎಲ್ಲವನ್ನೂ ಪಾಲಿಸುತ್ತಾ ಹೋದರೆ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ, ಕಪಾಟಿನಲ್ಲಿ ಡಬ್ಬಿಗಳು ತುಂಬುತ್ತವೆ. ನಾನು ಅನುಸರಿಸುವ ದಾರಿ ಸ್ವಲ್ಪ ಲೆಕ್ಕಾಚಾರದ್ದು. ಸುದ್ದಿಯನ್ನು ಪಾಲಿಸಿದರೆ ನಾನು ಏನು ಕಳೆದುಕೊಳ್ಳುತ್ತೇನೆ ಎಂದು ಮೊದಲು ನೋಡುತ್ತೇನೆ. ಕಾಫಿಯನ್ನು ಆರಲು ಬಿಟ್ಟು ಕುಡಿಯುವುದಕ್ಕೆ ಅಲ್ಪ ಪುರಾವೆ ಸಾಕು. ಏನನ್ನಾದರೂ ದಿನವೂ ನುಂಗುವುದಕ್ಕೆ, ಅಥವಾ ನುಂಗುತ್ತಿರುವ ಔಷಧ ಬಿಡುವುದಕ್ಕೆ, ಮನುಷ್ಯರ ಮೇಲೆ, ಹೋಲಿಕೆಯ ಗುಂಪು ಇಟ್ಟು, ಒಂದಕ್ಕಿಂತ ಹೆಚ್ಚು ಕಡೆ ನಡೆದ ಪರೀಕ್ಷೆಯೇ ಬೇಕು. ಈ ದಾರಿಯಲ್ಲೂ ಅಪಾಯವಿದೆ: ಒಂದು ಒಳ್ಳೆಯ ಹೊಸ ವಿಷಯ ನಮಗೆ ಕೆಲವು ವರ್ಷ ತಡವಾಗಿ ಸಿಕ್ಕೀತು. ಅದಕ್ಕೆ ನಾನು ಸಿದ್ಧ.

ಕೊನೆಯದು ಮದ್ದು ಸೊಪ್ಪು. ಕಕ್ಕಡದ ಹದಿನೆಂಟನೆಯ ದಿನ, ಆಗಸ್ಟ್ 3ರ ಸುಮಾರಿಗೆ, ಅದರಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬ ನಂಬಿಕೆಯಿಂದ ಪಾಯಸ ಮಾಡಿ ಉಣ್ಣುತ್ತೇವೆ. ಜಸ್ಟೀಸಿಯಾ ವೈನಾಡೆನ್ಸಿಸ್ ಎಂಬ ಈ ಗಿಡದ ರಸಕ್ಕೆ ಉತ್ಕರ್ಷಣ ನಿರೋಧಕ (ಆಂಟಿಆಕ್ಸಿಡೆಂಟ್) ಗುಣವಿದೆ ಎಂಬ ಪ್ರಯೋಗಾಲಯದ ಪ್ರಬಂಧಗಳು ನಿಜವಾಗಿಯೂ ಇವೆ. ಆದರೆ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಕಷ್ಟವಲ್ಲ, ಉಪ್ಪು ಹೆಚ್ಚಾದರೂ ಅವು ಸಾಯುತ್ತವೆ. ಉತ್ಕರ್ಷಣ ನಿರೋಧಕ ಎಂದ ಮಾತ್ರಕ್ಕೆ ಕ್ಯಾನ್ಸರ್ ತಡೆಯುತ್ತದೆ ಎಂಬ ಊಹೆಯೂ ಮನುಷ್ಯರ ಮೇಲೆ ಒಮ್ಮೆ ಕೆಟ್ಟದಾಗಿ ಸೋತಿದೆ. ಕ್ಯಾರೆಟ್ಟಿನಲ್ಲಿರುವ ಬೀಟಾ ಕೆರೋಟಿನ್ ಗುಳಿಗೆಯನ್ನು ಫಿನ್‌ಲ್ಯಾಂಡಿನಲ್ಲಿ 29 ಸಾವಿರ ಧೂಮಪಾನಿಗಳ ಮೇಲೆ ಪರೀಕ್ಷಿಸಿದಾಗ, 1994ರ ವರದಿಯ ಪ್ರಕಾರ, ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಆದ್ದರಿಂದ ವರ್ಷವಿಡೀ ಪುಡಿ ಬೇಡ. ಹಬ್ಬದ ಪಾಯಸ ಧಾರಾಳವಾಗಿ ಉಣ್ಣಿ, ಅದಕ್ಕೆ ಪ್ರಯೋಗಾಲಯದ ಅಪ್ಪಣೆ ಬೇಕಿಲ್ಲ.

ಪಾಯಸ ಉಂಡ ಮೇಲೆ ಮೂತ್ರ ಕೆಂಪಾಗುವುದು ನಮಗೆಲ್ಲ ಗೊತ್ತು, ಅದು ಸೊಪ್ಪಿನ ಬಣ್ಣ. ಈ ವರ್ಷ ಯಜಮಾನರ ವಿಷಯದಲ್ಲಿ ಮಾತ್ರ ಒಂದು ಗಮನವಿರಲಿ. ಕ್ಯಾಪ್ಸೂಲ್ ನುಂಗಿದವರಿಗೆ ಲಿವರ್ ತೊಂದರೆಯಾದರೂ ಮೂತ್ರದ ಬಣ್ಣ ಗಾಢವಾಗುತ್ತದೆ, ಅದನ್ನು ಪಾಯಸದ ಲೆಕ್ಕಕ್ಕೆ ಬರೆದುಬಿಡುವ ಸಾಧ್ಯತೆ ಇದೆ. ಹಾಗಾಗಿ ಹಬ್ಬಕ್ಕೆ ಮುಂಚೆಯೇ ಲಿವರ್ ಸ್ಥಿತಿ ತಿಳಿಸುವ ಒಂದು ಎಲ್‌ಎಫ್‌ಟಿ ರಕ್ತಪರೀಕ್ಷೆ ಮಾಡಿಸಿ, ಬಿಪಿಯನ್ನೂ ನೋಡಿಸಿ. ಎರಡು ದಿನ ಕಳೆದರೂ ಬಣ್ಣ ತಿಳಿಯಾಗದಿದ್ದರೆ, ಹಸಿವು ಸತ್ತು ವಾಂತಿ, ಮೈ ತುರಿಕೆ ಕಂಡರೆ, ಕಣ್ಣಿನ ಬಿಳಿ ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕ್ಯಾಪ್ಸೂಲಿನ ಡಬ್ಬಿಯನ್ನು ಎಸೆಯದೆ ಜೊತೆಗೆ ಒಯ್ಯಿರಿ. ಅದರ ಮೇಲಿನ ಪದಾರ್ಥಗಳ ಪಟ್ಟಿ ಅಲ್ಲಿನ ವೈದ್ಯರಿಗೆ ಬೇಕಾಗುತ್ತದೆ.